ಕೆಮ್ಮಿಗೆ ಎರಡು ವಾರ ತುಂಬಿದರೆ: ಕೊಡಗಿನಲ್ಲಿ ಕ್ಷಯವನ್ನು ಬೇಗ ಗುರುತಿಸುವ ಬಗೆ

ಕಕ್ಕಡ ಮಾಸದ (ಜುಲೈ–ಆಗಸ್ಟ್) ಮಳೆಯಲ್ಲಿ ಕೊಡಗಿನ ಯಾವ ಮನೆಗೂ ಕೆಮ್ಮು ಹೊಸತಲ್ಲ. ಥಂಡಿಯೆಂದು ಕಷಾಯ ಕುಡಿದು, ಬಳಿಕ ಮೆಡಿಕಲ್ ಅಂಗಡಿಯ ಸಿರಪ್ಪಿನಲ್ಲಿ ತಿಂಗಳು ಕಳೆಯುವುದರಿಂದಲೇ ಇಲ್ಲಿ ಕ್ಷಯ ತಡವಾಗಿ ಪತ್ತೆಯಾಗುವ ಅಪಾಯವಿದೆ. ಚಿಕಿತ್ಸೆ ಸಿಗದಿದ್ದರೆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಸಾಯುವ ಕಾಯಿಲೆಯಿದು; ಆದುದರಿಂದ ಕೆಮ್ಮು ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಕೆಮ್ಮು ಎರಡು ವಾರ ದಾಟಿದರೆ, ಅಥವಾ ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಪರೀಕ್ಷೆ ಕೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಬೆಳಿಗ್ಗೆ ಎದ್ದೊಡನೆ ಬಾಯಿಯನ್ನು ಬರಿಯ ನೀರಿನಿಂದ ಮುಕ್ಕಳಿಸಿ, ಮನೆಯ ಹೊರಗೆ ಗಾಳಿಯಾಡುವಲ್ಲಿ ನಿಂತು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದುಕೊಂಡು ಎದೆಯಾಳದಿಂದ ಕೆಮ್ಮಿ ಬಂದ ಕಫವನ್ನೇ ಡಬ್ಬಿಗೆ ಹಾಕಬೇಕು. ಬರಿಯ ಎಂಜಲು ಕೊಟ್ಟರೆ ರೋಗವಿದ್ದರೂ ಇಲ್ಲವೆಂಬ ವರದಿ ಬರಬಹುದು. ಸೂಕ್ಷ್ಮದರ್ಶಕದಲ್ಲಿ ಕಾಣದ ಅಲ್ಪ ಪ್ರಮಾಣದ ರೋಗಾಣುವನ್ನೂ, ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್ ನಾಟುವುದೋ ಇಲ್ಲವೋ ಎಂಬುದನ್ನೂ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರ ಕೆಲವೇ ಗಂಟೆಗಳಲ್ಲಿ ತಿಳಿಸಬಲ್ಲದು.

ರೋಗ ಖಚಿತವಾದ ಮೇಲೂ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಚಿಕಿತ್ಸೆಯ ನಡುವೆ ಆಗುವ ಸಾವುಗಳಲ್ಲಿ ಬಹುಪಾಲು ಮೊದಲ ಎರಡು ತಿಂಗಳಲ್ಲೇ ಆಗುತ್ತವೆ. ತಮಿಳುನಾಡು 2022ರಿಂದ ಪಾಲಿಸುತ್ತಿರುವ ಕ್ರಮ ಎಲ್ಲರೂ ಅನುಸರಿಸುವಷ್ಟು ಸರಳವಾಗಿದೆ: ರೋಗಿ ಆಸರೆಯಿಲ್ಲದೆ ನಿಲ್ಲಲಾರನೇ, ತೀರಾ ಬಡಕಲಾಗಿದ್ದಾನೆಯೇ, ಕಾಲು ಊದಿದೆಯೇ, ಉಸಿರು ನಿಮಿಷಕ್ಕೆ 24ಕ್ಕಿಂತ ಹೆಚ್ಚಿದೆಯೇ, ರಕ್ತದಲ್ಲಿ ಆಮ್ಲಜನಕದ ಮಟ್ಟ ಶೇ 94ಕ್ಕಿಂತ ಕಡಿಮೆಯಿದೆಯೇ ಎಂದು ಮೊದಲ ದಿನವೇ ನೋಡುವುದು. ಇವುಗಳಲ್ಲಿ ಒಂದು ಕಂಡರೂ ಮಾತ್ರೆ ಕೊಟ್ಟು ಮನೆಗೆ ಕಳುಹಿಸದೆ, ಒಳರೋಗಿಯಾಗಿ ಸೇರಿಸಬೇಕೇ ಎಂದು ವೈದ್ಯರನ್ನು ಒತ್ತಾಯಿಸಿ ಕೇಳಿ.

ಊಟವೂ ಔಷಧಿಯಷ್ಟೇ ಮುಖ್ಯ. ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಬಹಳ ತಗ್ಗಿದ್ದು ಕಂಡುಬಂತು. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆ ನೆರವು ಕೊಡುವ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ರೋಗಿಯ ಖಾತೆಗೆ ಬರುತ್ತದೆ. ಹಾಡಿಗಳಲ್ಲಿ (ಬುಡಕಟ್ಟು ಜನರ ವಸತಿಗಳಲ್ಲಿ) ಬ್ಯಾಂಕ್ ಖಾತೆ ಇಲ್ಲದವರಿಗೆ ಆಶಾ ಕಾರ್ಯಕರ್ತೆಯರ ನೆರವಿನಿಂದ ಅದನ್ನು ಮೊದಲು ಮಾಡಿಸಿಕೊಡಿ.

ತೋಟದ ಕಾರ್ಮಿಕರು ವಾಸಿಸುವ ಲೈನ್‌ಮನೆಯಲ್ಲಿ ರೋಗಿಯೊಡನೆ ಒಂದೇ ಕೋಣೆಯಲ್ಲಿ ಮಲಗುವವರೆಲ್ಲರೂ, ಮಕ್ಕಳು ಸಹಿತ, ತಪಾಸಣೆಗೆ ಒಳಗಾಗಬೇಕು. ಕಾಫಿ ಕೊಯ್ಲು ಮುಗಿದು ಕಾರ್ಮಿಕರು ಊರಿಗೆ ಹೊರಡುವಾಗ ಆರು ತಿಂಗಳ ಚಿಕಿತ್ಸೆ ನಡುವೆಯೇ ನಿಲ್ಲುವ ಭಯವಿರುವುದರಿಂದ, ತೋಟದ ಮಾಲೀಕರು ಅವರ ನಿಕ್ಷಯ್ ಸಂಖ್ಯೆಯನ್ನು (ಕ್ಷಯ ರೋಗಿಯ ನೋಂದಣಿ ಸಂಖ್ಯೆ) ಬರೆದು ಕೈಗೆ ಕೊಟ್ಟು, ಹೋಗುವ ಊರಿನ ಆಸ್ಪತ್ರೆಗೆ ಚಿಕಿತ್ಸೆಯನ್ನು ವರ್ಗಾಯಿಸುವಂತೆ ಇಲ್ಲಿನ ಕೇಂದ್ರಕ್ಕೆ ಮುಂಚಿತವಾಗಿ ತಿಳಿಸಬೇಕು.