ಎಂಎಂಎಸ್ ಡೇಟಾದಲ್ಲಿ ಒಂಟಿ ಅಲೆಗಳನ್ನು ಹುಡುಕಿ ಅಳೆಯುವ ಬಗೆ

ಬಾಹ್ಯಾಕಾಶ ಪ್ಲಾಸ್ಮಾದ (ವಿದ್ಯುದಾವೇಶ ಹೊತ್ತ ಕಣಗಳ ಅನಿಲದ) ಒಂಟಿ ಅಲೆ ಅಂದರೆ ಕಾಂತರೇಖೆಗುಂಟ ಓಡುವ ವಿದ್ಯುತ್ ವಿಭವದ (ಪೊಟೆನ್ಶಿಯಲ್) ಪುಟ್ಟ ದಿಬ್ಬ, ಇಲ್ಲವೇ ಗುಳಿ. ಅದು ನೌಕೆಯನ್ನು ದಾಟಿ ಹೋದಾಗ ವಿದ್ಯುತ್ ಕ್ಷೇತ್ರದ ಗ್ರಾಫ್ ಒಮ್ಮೆ ಮೇಲೆದ್ದು ಕೂಡಲೇ ಕೆಳಗಿಳಿಯುತ್ತದೆ, ಅಥವಾ ಇದರ ತಿರುಗುಮುರುಗು. ಬರೀ ಗದ್ದಲವೆಂದು ಬಗೆದಿದ್ದ ಸಂಕೇತದೊಳಗೆ ಇಂಥ ಮಿಡಿತಗಳ ಸಾಲೇ ಇದೆಯೆಂದು 1994ರಲ್ಲಿ ತೋರಿಸಿಕೊಟ್ಟದ್ದು ಜಪಾನಿನ ಜಿಯೋಟೇಲ್ ನೌಕೆಯ ಅಳತೆಗಳು.

ಬೆಂಗಳೂರಿನಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗೆ ಈ ವಿಷಯ ಹಿಡಿದವರ ಕಣ್ಣು ಮೊದಲು ಆದಿತ್ಯ-ಎಲ್1 ಕಡೆ ಹೋಗುವುದು ಸಹಜ. ಡೇಟಾ ಕೇಂದ್ರ ಇಲ್ಲೇ ಬ್ಯಾಲಾಳಿನಲ್ಲಿದೆ. ಆದರೆ ಅದರ ಏಳು ಉಪಕರಣಗಳಲ್ಲಿ ವಿದ್ಯುತ್ ಕ್ಷೇತ್ರ ಅಳೆಯುವಂಥದ್ದು ಒಂದೂ ಇಲ್ಲ. ಈ ಕೆಲಸಕ್ಕೆ ಬೇಕಾದದ್ದು 2015ರಲ್ಲಿ ಹಾರಿದ ನಾಸಾದ ಎಂಎಂಎಸ್ (ಮ್ಯಾಗ್ನೆಟೋಸ್ಫೆರಿಕ್ ಮಲ್ಟಿಸ್ಕೇಲ್) ಯೋಜನೆ, ಅದರ ನಾಲ್ಕೂ ನೌಕೆಗಳು. ಎರಡನೇ ಹಂತದ (ತಿದ್ದಿ ಬಳಕೆಗೆ ಸಿದ್ಧಪಡಿಸಿದ) ಡೇಟಾ ಎಲ್ಲರಿಗೂ ಮುಕ್ತ; ಪೈಥಾನಿನ ಪೈಸ್ಪೆಡಾಸ್ ಪ್ಯಾಕೇಜಿನಿಂದ ಇಳಿಸಿಕೊಳ್ಳಬಹುದು.

ಇಳಿಸುವಾಗ ಬರ್ಸ್ಟ್ ಮೋಡನ್ನೇ ಕೇಳಿ. ಅದರಲ್ಲಿ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ 8192 ಸಲ ದಾಖಲಾಗುತ್ತದೆ. ಫಾಸ್ಟ್ ಮೋಡಿನ 32 ಸ್ಯಾಂಪಲ್‌ಗಳಲ್ಲಿ ಈ ಮಿಡಿತ ಕಾಣಿಸುವುದೇ ಇಲ್ಲ. ಜೊತೆಗೆ ಕಾಂತಕ್ಷೇತ್ರ, ಎಲೆಕ್ಟ್ರಾನ್ ಸಾಂದ್ರತೆ, ಉಷ್ಣತೆ, ನೌಕೆಗಳ ಸ್ಥಾನ ಬೇಕು. ಸಮಯವೆಲ್ಲ ಯುಟಿಯಲ್ಲಿ, ಅಂದರೆ ಗ್ರೀನ್‌ವಿಚ್ ಸಮಯದಲ್ಲಿ ಇರುತ್ತದೆ. ಲ್ಯಾಪ್‌ಟಾಪ್ ಅದನ್ನು ಸದ್ದಿಲ್ಲದೆ ಭಾರತೀಯ ಸಮಯಕ್ಕೆ ತಿರುಗಿಸಿದರೆ ಐದೂವರೆ ಗಂಟೆ ಆಚೀಚೆಯಾಗಿ, ಖಾಲಿ ಗ್ರಾಫ್ ಎದುರು ಕೂರಬೇಕಾಗುತ್ತದೆ. ಹುಡುಕಲು ಒಳ್ಳೆಯ ಜಾಗ ಭೂಮಿಯ ಕಾಂತಬಾಲದ (ಸೂರ್ಯನಿಗೆ ಬೆನ್ನಾಗಿ ಉದ್ದಕ್ಕೆ ಚಾಚಿದ ಕಾಂತಕ್ಷೇತ್ರದ) ನಡುವಿನ ಪ್ಲಾಸ್ಮಾ ಹಾಳೆಯ ಅಂಚು.

ಕಾಂತಕ್ಷೇತ್ರ ಸೆಕೆಂಡಿಗೆ 128 ಸಲ ಮಾತ್ರ ಸಿಗುತ್ತದೆ. ಅದನ್ನು ವಿದ್ಯುತ್ ಕ್ಷೇತ್ರದ ಸಮಯಬಿಂದುಗಳಿಗೆ ಇಂಟರ್‌ಪೊಲೇಟ್ ಮಾಡಿ (ನಡುವಿನ ಬೆಲೆಗಳನ್ನು ಲೆಕ್ಕಹಾಕಿ ತುಂಬಿ). ಉಲ್ಟಾ ಮಾಡಿದರೆ ಮಿಡಿತವೇ ಅಳಿಸಿಹೋಗುತ್ತದೆ. ಎರಡನ್ನೂ ಒಂದೇ ನಿರ್ದೇಶಾಂಕದಲ್ಲಿಟ್ಟು, ಕ್ಷೇತ್ರವನ್ನು ಕಾಂತರೇಖೆಗೆ ಸಮಾಂತರ ಮತ್ತು ಲಂಬ ಭಾಗಗಳಾಗಿ ಒಡೆಯಿರಿ. ಸಮಾಂತರ ಭಾಗ ಮೇಲೆ-ಕೆಳಗೆ ಹೋದರೆ, ಲಂಬ ಭಾಗದಲ್ಲಿ ಸಾಮಾನ್ಯವಾಗಿ ಒಂದೇ ದಿಕ್ಕಿನ ಉಬ್ಬು ಇರುತ್ತದೆ. ಇಲ್ಲಿ ಹೈಪಾಸ್ ಫಿಲ್ಟರ್ (ನಿಧಾನದ ಏರಿಳಿತ ತೆಗೆಯುವ ಸೋಸುಕ) ಹಾಕುವ ಚಪಲ ಬೇಡ: ಫಿಲ್ಟರ್ ಆ ಉಬ್ಬಿನ ಎರಡೂ ಬದಿಗೆ ಇಲ್ಲದ ಗುಳಿ ತೋಡುತ್ತದೆ. ಮಿಡಿತದ ಆಚೀಚಿನ 20 ಮಿಲಿಸೆಕೆಂಡಿನ ಸರಾಸರಿಯನ್ನು ಕಳೆದರೆ ಸಾಕು.

ಇನ್ನು ಅಸಲಿ ಕೆಲಸ, ವೇಗ. ಮೊದಲು ಮೇಲೆ ಆಮೇಲೆ ಕೆಳಗೆ ಎಂಬ ಆಕಾರವೊಂದನ್ನೇ ನೋಡಿ ‘ಎಲೆಕ್ಟ್ರಾನ್ ಹೋಲ್’ (ಎಲೆಕ್ಟ್ರಾನ್‌ಗಳ ಕೊರತೆಯಿಂದಾದ ಧನ ವಿಭವದ ದಿಬ್ಬ) ಎಂದು ಬರೆದುಬಿಡಬೇಡಿ. ಕಾಂತಕ್ಷೇತ್ರದ ದಿಕ್ಕಿನಲ್ಲಿ ಓಡುವ ಧನ ವಿಭವವೂ ಅದರ ಎದುರು ದಿಕ್ಕಿಗೆ ಓಡುವ ಋಣ ವಿಭವವೂ ಇದೇ ಆಕಾರ ಕೊಡುತ್ತವೆ. ದಿಕ್ಕು ಗೊತ್ತಾಗುವವರೆಗೆ ಚಿಹ್ನೆ ಗೊತ್ತಾಗುವುದಿಲ್ಲ.

ಎರಡು ನೌಕೆಗಳ ನಡುವಿನ ಅಂತರದಲ್ಲಿ ಕಾಂತರೇಖೆಗುಂಟದ ಪಾಲನ್ನು ತೆಗೆದು, ಒಂದೇ ಮಿಡಿತ ಎರಡೂ ನೌಕೆಗಳಲ್ಲಿ ಕಂಡ ಸಮಯದ ವ್ಯತ್ಯಾಸದಿಂದ ಭಾಗಿಸಿ. ಉದಾಹರಣೆಗೆ 10 ಕಿಮೀ, 1.25 ಮಿಲಿಸೆಕೆಂಡು: ವೇಗ ಸೆಕೆಂಡಿಗೆ 8000 ಕಿಮೀ. ಒಂದು ಸ್ಯಾಂಪಲ್ ಅಂದರೆ 0.122 ಮಿಲಿಸೆಕೆಂಡು, ಹಾಗಾಗಿ ಒಂದು ಸ್ಯಾಂಪಲ್ ತಪ್ಪಿದರೆ ಹತ್ತರಲ್ಲೊಂದು ಪಾಲು ದೋಷ. ಅದೇ ಅಂತರ 1 ಕಿಮೀ ಇದ್ದರೆ ವ್ಯತ್ಯಾಸವೇ ಒಂದು ಸ್ಯಾಂಪಲ್. ಆ ಜೋಡಿಯನ್ನು ಬಿಟ್ಟುಬಿಡಿ. ಇದಕ್ಕಿಂತ ದೊಡ್ಡ ಅಪಾಯ ಮಿಡಿತಗಳು ಸಾಲಾಗಿ ಬಂದಾಗ. 3 ಮಿಲಿಸೆಕೆಂಡಿಗೊಂದರಂತೆ ಬರುತ್ತಿದ್ದರೆ, ಪಕ್ಕದ ಮಿಡಿತದ ಜೊತೆ ತಾಳೆ ಹಾಕಿದವರಿಗೆ 1.25ರ ಬದಲು −1.75 ಸಿಗುತ್ತದೆ. ವೇಗ ಸುಮಾರು −5700 ಆಗಿ, ದಿಬ್ಬವಿದ್ದದ್ದು ಕಾಗದದ ಮೇಲೆ ಗುಳಿಯಾಗುತ್ತದೆ. ಮಿಡಿತಗಳ ನಡುವಿನ ಬಿಡುವು ಏರುಪೇರಾಗಿರುವ 20–30 ಮಿಲಿಸೆಕೆಂಡಿನ ತುಂಡನ್ನು ಆರಿಸಿ ಕ್ರಾಸ್ ಕೋರಿಲೇಶನ್ ಮಾಡಿ (ಒಂದು ಸಂಕೇತವನ್ನು ಇನ್ನೊಂದರ ಮೇಲೆ ಸರಿಸುತ್ತ ಹೊಂದಿಕೆ ನೋಡಿ), ಬಳಸಬಹುದಾದ ಜೋಡಿಗಳೆಲ್ಲ ಒಂದೇ ವೇಗ ಹೇಳುತ್ತವೆಯೇ ನೋಡಿ.

ವೇಗ ಕೈಗೆ ಬಂದ ಮೇಲೆ ಉಳಿದದ್ದು ಸಲೀಸು. ಮಿಡಿತದ ಮೇಲಿನ ಮತ್ತು ಕೆಳಗಿನ ತುದಿಗಳ ನಡುವಿನ ಸಮಯವನ್ನು ವೇಗದಿಂದ ಗುಣಿಸಿ ಅರ್ಧ ಮಾಡಿದರೆ ಅರ್ಧಗಾತ್ರ: 0.5 ಮಿಲಿಸೆಕೆಂಡಿಗೆ 2 ಕಿಮೀ. ಸಮಾಂತರ ಕ್ಷೇತ್ರವನ್ನು ಸಮಯದ ಮೇಲೆ ಇಂಟಿಗ್ರೇಟ್ ಮಾಡಿ, ವೇಗದಿಂದ ಚಿಹ್ನೆ ಸಮೇತ ಗುಣಿಸಿದರೆ ವಿಭವ. ಮೀಟರಿಗೆ ಮಿಲಿವೋಲ್ಟ್, ಕಿಲೋಮೀಟರ್, ಸೆಕೆಂಡು ಇಟ್ಟುಕೊಂಡರೆ ಉತ್ತರ ನೇರ ವೋಲ್ಟಿನಲ್ಲಿ ಬರುತ್ತದೆ. ಗಾಸಿಯನ್ ಆಕಾರವಾದರೆ ತುದಿಯ ಕ್ಷೇತ್ರ, ಅರ್ಧಗಾತ್ರ, 1.65 ಇವುಗಳ ಗುಣಲಬ್ಧವೂ ಅಷ್ಟೇ ಇರಬೇಕು. ಮೀಟರಿಗೆ 40 ಮಿಲಿವೋಲ್ಟ್, 2 ಕಿಮೀ ಇದ್ದರೆ 132 ವೋಲ್ಟ್. ಇಂಟಿಗ್ರಲ್ ಕೊನೆಗೆ ಸೊನ್ನೆಗೆ ಮರಳದಿದ್ದರೆ ಮೊದಲು ಬೇಸ್‌ಲೈನ್, ಅಂದರೆ ನೀವು ಕಳೆದ ಸರಾಸರಿಯನ್ನು ಅನುಮಾನಿಸಿ. ಅದು ಸರಿಯಿದ್ದೂ ಮರಳದಿದ್ದರೆ ನಿಮ್ಮೆದುರಿಗಿರುವುದು ಡಬಲ್ ಲೇಯರ್ (ಎರಡು ಬದಿಗಳಲ್ಲಿ ಬೇರೆ ಬೇರೆ ವಿಭವವಿರುವ ಪದರ) ಇರಬಹುದು.

ಗಾತ್ರವನ್ನು ಡಿಬೈ ಉದ್ದದ (ಪ್ಲಾಸ್ಮಾದಲ್ಲಿ ಒಂದು ಆವೇಶದ ಪ್ರಭಾವ ಮರೆಯಾಗುವ ದೂರದ) ಜೊತೆ ಹೋಲಿಸಿ. ಎಲೆಕ್ಟ್ರಾನ್ ವೋಲ್ಟಿನ ಉಷ್ಣತೆಯನ್ನು ಘನ ಸೆಂಟಿಮೀಟರಿನ ಸಾಂದ್ರತೆಯಿಂದ ಭಾಗಿಸಿ, ವರ್ಗಮೂಲ ತೆಗೆದು 7.43ರಿಂದ ಗುಣಿಸಿದರೆ ಅದು ಮೀಟರಿನಲ್ಲಿ ಸಿಗುತ್ತದೆ. ಕಾಂತಬಾಲದಲ್ಲಿ 1000 ಮತ್ತು 0.1 ಇದ್ದರೆ 743 ಮೀಟರ್. ಭೂಮಿಯ ಮುಂದಿನ ಆಘಾತ ಅಲೆಯಲ್ಲಿ 20 ಮತ್ತು 20 ಇದ್ದರೆ ಏಳೂವರೆ ಮೀಟರ್ ಕೂಡ ಇಲ್ಲ. ಅಲ್ಲಿನ ಒಂಟಿ ಅಲೆಗಳು ನೌಕೆಯ ಒಂದೊಂದು 60 ಮೀಟರಿನ ತಂತಿಗಿಂತ ಚಿಕ್ಕವಿರಬಹುದು. ಎದುರುಬದುರಿನ ತಂತಿಗಳ ತುದಿಯಿಂದ ತುದಿಗೆ ತೆಗೆದ ಸರಾಸರಿ ಕ್ಷೇತ್ರ ನಿಜಕ್ಕಿಂತ ಕಡಿಮೆ ತೋರುತ್ತದೆ, ವಿಭವವೂ ಅಷ್ಟೇ ಕುಗ್ಗುತ್ತದೆ.