ಬ್ರೌನಿ ಫ್ರೀಜರಿಗೆ ಹೋಗುವಾಗ, ಹೊರಗೆ ಬರುವಾಗ

ಬ್ರೌನಿಯಲ್ಲಿ ಬೆಣ್ಣೆ, ಸಕ್ಕರೆ ಎರಡೂ ಧಾರಾಳ. ಅದಕ್ಕೇ ಸಾಮಾನ್ಯ ಕೇಕಿಗಿಂತ ಚೆನ್ನಾಗಿ ಅದು ಫ್ರೀಜರನ್ನು ತಡೆದುಕೊಳ್ಳುತ್ತದೆ. ಒತ್ತಾಗಿ, ನಡುವೆ ಅಂಟಂಟಾಗಿರುವ ಬ್ರೌನಿ ಸರಿಯಾಗಿ ಸುತ್ತಿಟ್ಟರೆ ಮೂರು ತಿಂಗಳು ರುಚಿ ಬಿಡದೆ ಇರುತ್ತದೆ. ಕೇಕಿನಂತೆ ಉಬ್ಬಿದ ಹಗುರ ಬ್ರೌನಿ ಬೇಗ ಒಣಗುತ್ತದೆ, ಅದನ್ನು ಒಂದೂವರೆ ತಿಂಗಳೊಳಗೆ ತಿಂದು ಮುಗಿಸುವುದು ಒಳ್ಳೆಯದು. ಎರಡರಲ್ಲೂ ಕಾಯಬೇಕಾದ್ದು ತೇವವನ್ನು. ಒಳಗಿನದು ಹೊರಗೆ ಹೋಗಬಾರದು, ಹೊರಗಿನದು ಮೇಲೆ ಕೂರಬಾರದು.

ಮೊದಲು ಪೂರ್ತಿ ಆರಬೇಕು. 20 ಸೆಂ.ಮೀ. ಚೌಕದ ಟ್ರೇಗೆ ಎರಡರಿಂದ ಮೂರು ಗಂಟೆ ಬೇಕು. ಮೇಲ್ಭಾಗ ಮುಟ್ಟಿ ಆರಿದೆ ಎಂದುಕೊಳ್ಳಬೇಡಿ, ಟ್ರೇ ಎತ್ತಿ ತಳದ ನಡುಭಾಗಕ್ಕೆ ಅಂಗೈ ಹಿಡಿದು ನೋಡಿ. ಸ್ವಲ್ಪ ಬೆಚ್ಚಗಿದ್ದರೂ ಕಾಯಿರಿ. ಬಿಸಿ ಇರುವಾಗಲೇ ಸುತ್ತಿದರೆ ಆವಿ ಒಳಗೇ ಉಳಿದು ಹಿಮವಾಗುತ್ತದೆ, ಮುಂದೆ ಅದೇ ಕರಗಿ ಮೇಲಿನ ತೆಳು ಪದರವನ್ನು ಮೆತ್ತಗೆ ಮಾಡುತ್ತದೆ.

ಸಾಧ್ಯವಾದರೆ ಕತ್ತರಿಸದೆ ಟ್ರೇಯಿಂದ ತೆಗೆದ ಇಡೀ ಬ್ರೌನಿ ಹಲಗೆಯನ್ನೇ ಫ್ರೀಜ್ ಮಾಡಿ. ಕತ್ತರಿಸಿದಷ್ಟೂ ಗಾಳಿಗೆ ಸಿಗುವ ಬದಿಗಳು ಹೆಚ್ಚುತ್ತವೆ, ಒಣಗುವುದೂ ಅಲ್ಲಿಂದಲೇ ಶುರು. ಬೇಯಿಸುವಾಗಲೇ ಟ್ರೇಗೆ ಬೇಕಿಂಗ್ ಪೇಪರನ್ನು ಅಂಚು ಮೀರಿ ಹಾಸಿದ್ದರೆ ಹಲಗೆಯನ್ನು ಮುರಿಯದೆ ಎತ್ತಬಹುದು. ದಿನಕ್ಕೊಂದು ತುಂಡು ಸಾಕು ಎನ್ನುವವರು ಮಾತ್ರ ಕತ್ತರಿಸಿಕೊಳ್ಳಿ. ಆಗ ತುಂಡುಗಳನ್ನು ಬೇಕಿಂಗ್ ಪೇಪರ್ ಹಾಸಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ಒಂದು ಗಂಟೆ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಒಂದೊಂದನ್ನೇ ಸುತ್ತಿದರೆ ಆಕಾರ ಕೆಡುವುದಿಲ್ಲ.

ಸುತ್ತುವುದರಲ್ಲಿ ಅವಸರ ಬೇಡ. ಕ್ಲಿಂಗ್ ಫಿಲ್ಮ್ (ತೆಳು ಪ್ಲಾಸ್ಟಿಕ್ ಹಾಳೆ) ಬ್ರೌನಿಯ ಮೈಗೆ ಅಂಟಿಕೊಂಡಿರಬೇಕು. ಎಲ್ಲಾದರೂ ಗಾಳಿ ಉಳಿದರೆ ಆ ಜಾಗದಲ್ಲಿ ತೇವ ನೇರವಾಗಿ ಆವಿಯಾಗಿ ಹೋಗಿ ಬಿಳಿಚಿದ, ಒಣ ಮಚ್ಚೆ ಏಳುತ್ತದೆ. ತಿಂದರೆ ಅಪಾಯವೇನಿಲ್ಲ, ಆದರೆ ಬಾಯಿಗೆ ಹಿಟ್ಟುಹಿಟ್ಟಾಗಿ ಸಿಗುತ್ತದೆ. ಫಿಲ್ಮ್ ಎರಡು ಸುತ್ತು, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಒಂದು ಸುತ್ತು, ಕೊನೆಗೆ ಗಾಳಿ ಒತ್ತಿ ತೆಗೆದ ಜಿಪ್ ಬ್ಯಾಗ್. ಇಷ್ಟೆಲ್ಲ ಯಾಕೆಂದರೆ ಬೆಣ್ಣೆ, ಚಾಕಲೇಟು ಎರಡೂ ಸುತ್ತಲಿನ ವಾಸನೆ ಹೀರುತ್ತವೆ. ಈರುಳ್ಳಿ, ಮೀನು ಪಕ್ಕದಲ್ಲಿದ್ದರೆ ಒಂದು ಪದರ ಸಾಲದು. ಬ್ಯಾಗಿನ ಮೇಲೆ ತಾರೀಖು ಬರೆಯಿರಿ.

ಫ್ರೀಜರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಬಾಗಿಲ ಬದಿಯಲ್ಲಿಡಬೇಡಿ, ತೆರೆದಾಗಲೆಲ್ಲ ಅಲ್ಲಿ ಶಾಖ ಏರಿಳಿಯುತ್ತದೆ, ಹಿಂಭಾಗವೇ ವಾಸಿ. ಫ್ರೀಜರ್ ಬದಲು ಕೆಳಗಿನ ಫ್ರಿಜ್‌ನಲ್ಲಿ ವಾರಗಟ್ಟಲೆ ಇಡುವ ಯೋಚನೆ ಬೇಡ. ಹಿಟ್ಟಿನ ಪಿಷ್ಟ ಬೇಗ ಗಡುಸಾಗುವುದು ಆ ಚಳಿಯಲ್ಲೇ.

ಹೊರತೆಗೆಯುವಾಗ ಒಂದೇ ನಿಯಮ: ಪೂರ್ತಿ ಹದಕ್ಕೆ ಬರುವ ತನಕ ಸುತ್ತಿದ್ದನ್ನು ಬಿಚ್ಚಬೇಡಿ. ತಣ್ಣನೆಯ ವಸ್ತುವಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಫಿಲ್ಮ್ ಇದ್ದರೆ ಹನಿಗಳು ಅದರ ಮೇಲೆ ಕೂರುತ್ತವೆ, ಇಲ್ಲದಿದ್ದರೆ ಬ್ರೌನಿಯ ಮೇಲೆ. ಆ ನೀರಿಗೆ ಸಕ್ಕರೆ ಕರಗಿ, ಬಿರುಕು ಬಿಟ್ಟ ಹೊಳಪಿನ ಮೇಲ್ಪದರ ಅಂಟು ಪಾಕವಾಗಿಬಿಡುತ್ತದೆ. ಆಮೇಲೆ ಏನು ಮಾಡಿದರೂ ಅದು ಗರಿಗರಿಯಾಗುವುದಿಲ್ಲ. ಒಂಟಿ ತುಂಡಿಗೆ ಕೋಣೆಯ ಶಾಖದಲ್ಲಿ ಒಂದರಿಂದ ಎರಡು ಗಂಟೆ, ಇಡೀ ಹಲಗೆಗೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಕ್ರೀಮ್ ಚೀಸ್ ಇರುವುದನ್ನು ಮಾತ್ರ ಹೊರಗಿಡದೆ ರಾತ್ರಿಯಿಡೀ ಫ್ರಿಜ್‌ನಲ್ಲೇ ಕರಗಲು ಬಿಡಿ.

ಹಲಗೆಯನ್ನು ಕತ್ತರಿಸುವುದಿದ್ದರೆ ಮಾತ್ರ ಈ ನಿಯಮಕ್ಕೆ ವಿನಾಯಿತಿ: ಅರ್ಧ ಗಟ್ಟಿ ಇರುವಾಗಲೇ ಬಿಚ್ಚಿ ಕತ್ತರಿಸಿದರೆ ಅಂಚು ನೇರವಾಗಿ ಬರುತ್ತದೆ. ಉದ್ದನೆಯ ಚಾಕುವನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ಎಳೆದಾಡದೆ ಮೇಲಿಂದ ಒತ್ತಿ. ಪ್ರತಿ ಸಲವೂ ಒರೆಸಿ. ತುಂಡುಗಳನ್ನು ಮುಚ್ಚಳದ ಡಬ್ಬಿಗೆ ಹಾಕಿದರೆ ಉಳಿದ ಚಳಿ ಅಲ್ಲೇ ಬಿಡುತ್ತದೆ.

ಬೆಚ್ಚಗೆ ಬೇಕೆಂದರೆ ಕರಗಿದ ತುಂಡಿಗೆ ಮೈಕ್ರೋವೇವ್‌ನಲ್ಲಿ 10ರಿಂದ 15 ಸೆಕೆಂಡು ಸಾಕು. ಹೆಚ್ಚಾದರೆ ಅಂಚು ರಬ್ಬರಿನಂತಾಗುತ್ತದೆ. ಹಲವು ತುಂಡುಗಳಿದ್ದರೆ ಫಾಯಿಲ್ ಮುಚ್ಚಿ 150 ಡಿಗ್ರಿ ಓವನ್‌ನಲ್ಲಿ ಹತ್ತು ನಿಮಿಷ ಇಡಿ. ಗನಾಶ್ (ಚಾಕಲೇಟು, ಕ್ರೀಮ್ ಸೇರಿಸಿದ ಲೇಪ) ಅಥವಾ ತಾಜಾ ಹಣ್ಣು ಹಾಕುವುದಿದ್ದರೆ ಬಡಿಸುವ ಹೊತ್ತಿಗೆ ಹಾಕಿ. ಗನಾಶ್ ಫ್ರೀಜರಿಗೆ ಹೊಂದಿಕೊಂಡರೂ ಹೊಳಪು ಕಳೆದುಕೊಳ್ಳುತ್ತದೆ, ಹಣ್ಣಂತೂ ನೀರು ಬಿಡುತ್ತದೆ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಿದರೆ ಎರಡನೇ ಸಲ ಪುಡಿಪುಡಿಯಾಗುತ್ತದೆ, ಆದ್ದರಿಂದ ಅವತ್ತಿಗೆ ಬೇಕಾದಷ್ಟೇ ಹೊರತೆಗೆಯಿರಿ.