ಕಾರ್ ಪಾರ್ಕಿನಿಂದ ಪತ್ರ ಬಂದರೆ: ಕಟ್ಟಬೇಕೋ, ಪ್ರಶ್ನಿಸಬೇಕೋ?

ಇಂಗ್ಲೆಂಡಿಗೆ ಬಂದು ಕಾರು ಕೊಂಡ ಮೇಲೆ ನಮ್ಮವರಲ್ಲಿ ಬಹಳ ಜನರಿಗೆ ಇಂದಲ್ಲ ನಾಳೆ ಈ ಪತ್ರ ಬರುತ್ತದೆ. ನಂಬರ್ ಪ್ಲೇಟಿನ ಎರಡು ಫೋಟೋ, ಕಾರು ಒಳಗೆ ಬಂದ ಸಮಯ, ಹೊರಗೆ ಹೋದ ಸಮಯ, ಕೆಳಗೆ ದಪ್ಪ ಅಕ್ಷರದಲ್ಲಿ 100 ಪೌಂಡ್. 14 ದಿನದೊಳಗೆ ಕಟ್ಟಿದರೆ 60. ನನಗೆ ಮೊದಲ ಸಲ ಬಂದಾಗ ಆ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿನ ಚಿಂತೆಗಿಂತ ವೀಸಾಗೆ ಏನಾದರೂ ತೊಂದರೆ ಆಗುತ್ತಾ ಅನ್ನುವ ಭಯವೇ ಜಾಸ್ತಿ ಇತ್ತು.

ಮರುದಿನ ಇಬ್ಬರನ್ನು ಕೇಳಿದೆ. ಒಬ್ಬರು, "ಸುಮ್ನೆ ಕಟ್ಟಿಬಿಡಿ, ಯಾಕೆ ತಲೆನೋವು" ಅಂದರು. ಇಪ್ಪತ್ತು ವರ್ಷದಿಂದ ಇಲ್ಲೇ ಇರುವ ಇನ್ನೊಬ್ಬರು, "ಹರಿದು ಬಿಸಾಕಿ, ಅವರು ಏನೂ ಮಾಡಕ್ಕಾಗಲ್ಲ" ಅಂದರು. ಎರಡೂ ಒಳ್ಳೆಯ ಮನಸ್ಸಿನಿಂದ ಹೇಳಿದ್ದೇ. ಆದರೆ ಮೊದಲನೆಯದರಿಂದ ಕೊಡಬೇಕಾಗಿಲ್ಲದ ದುಡ್ಡು ಹೋಗಬಹುದು. ಎರಡನೆಯದರಿಂದ ಅದಕ್ಕಿಂತ ದೊಡ್ಡ ಪೆಟ್ಟು ಬೀಳಬಹುದು.

ಮೊದಲು ಪತ್ರ ಕಳಿಸಿದ್ದು ಯಾರು ಅಂತ ನೋಡಿ. ಇಲ್ಲಿ ಎಲ್ಲರೂ ಪಿಸಿಎನ್ ಅನ್ನುತ್ತಾರೆ, ಆದರೆ ಆ ಮೂರಕ್ಷರದ ಹಿಂದೆ ಎರಡು ಬೇರೆ ಬೇರೆ ಕಾಗದಗಳಿವೆ. ಕೌನ್ಸಿಲ್ ಕಳಿಸುವುದು ಪೆನಾಲ್ಟಿ ಚಾರ್ಜ್ ನೋಟೀಸ್. ಅದು ಕಾನೂನು ಹಾಕುವ ದಂಡ. 14 ದಿನದೊಳಗೆ ಕಟ್ಟಿದರೆ ಸಾಮಾನ್ಯವಾಗಿ ಅರ್ಧ. ಒಪ್ಪದಿದ್ದರೆ ಕೌನ್ಸಿಲ್‌ಗೆ ಬರೆಯಬೇಕು, ಆಮೇಲೆ ಟ್ರಿಬ್ಯುನಲ್. ಅದರ ದಾರಿಯೇ ಬೇರೆ, ಇಲ್ಲಿ ಅದನ್ನು ಬಿಡುತ್ತೇನೆ. ಸೂಪರ್‌ಮಾರ್ಕೆಟ್, ಆಸ್ಪತ್ರೆ, ರೀಟೇಲ್ ಪಾರ್ಕ್‌ಗಳಲ್ಲಿ ಪಾರ್ಕಿಂಗ್ ನೋಡಿಕೊಳ್ಳುವ ಖಾಸಗಿ ಕಂಪನಿ ಕಳಿಸುವುದು ಪಾರ್ಕಿಂಗ್ ಚಾರ್ಜ್ ನೋಟೀಸ್. ಅದು ದಂಡ ಅಲ್ಲ, ಒಂದು ಬಿಲ್. ಅವರ ವಾದ ಇಷ್ಟೇ: ಬೋರ್ಡಿನಲ್ಲಿ ಷರತ್ತು ಬರೆದಿದ್ದೆವು, ನೀವು ಕಾರು ನಿಲ್ಲಿಸಿ ಅದನ್ನು ಒಪ್ಪಿದಿರಿ, ಆಮೇಲೆ ಮುರಿದಿರಿ.

ಹರಿದು ಬಿಸಾಕಿ ಅನ್ನುವ ಸಲಹೆಗೂ ಒಂದು ಕಾಲವಿತ್ತು. ಆಗ ಕಂಪನಿಯವರು ಕಾರು ಓಡಿಸಿದವರನ್ನು ಮಾತ್ರ ಕೇಳಬಹುದಿತ್ತು, ಓಡಿಸಿದ್ದು ಯಾರು ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ. 2012ರ ಅಕ್ಟೋಬರ್ 1ರಿಂದ ಅದು ಬದಲಾಯಿತು. ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆಕ್ಟ್ ಎಂಬ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು ನಿಲ್ಲಿಸಿತು. ಅದರ ಜೊತೆಗೇ, ಓಡಿಸಿದವರು ಯಾರೆಂದು ಗೊತ್ತಾಗದಿದ್ದರೆ ಕಾರಿನ ರಿಜಿಸ್ಟರ್ಡ್ ಕೀಪರನ್ನೇ, ಅಂದರೆ ಕಾರಿನ ದಾಖಲೆಯಲ್ಲಿ ಹೆಸರಿರುವವರನ್ನೇ, ಕೇಳಬಹುದು ಅಂತಲೂ ಹೇಳಿತು. ಕೀಪರ್ ವಿಳಾಸವನ್ನು ಕಂಪನಿಗಳು ವಾಹನ ಮತ್ತು ಲೈಸೆನ್ಸ್ ದಾಖಲೆ ಇಡುವ ಸರ್ಕಾರಿ ಸಂಸ್ಥೆಯಾದ ಡಿವಿಎಲ್ಎಗೆ 2.50 ಪೌಂಡ್ ಕೊಟ್ಟು ಪಡೆಯುತ್ತವೆ.

"ಒಂದು ಗಂಟೆ ಜಾಸ್ತಿ ನಿಂತಿದ್ದಕ್ಕೆ 100 ಪೌಂಡಾ? ಇದು ಅನ್ಯಾಯ" ಅನ್ನುವ ವಾದವೂ ಈಗ ನಡೆಯುವುದಿಲ್ಲ. ಚೆಲ್ಮ್ಸ್‌ಫರ್ಡ್‌ನ ಒಂದು ರೀಟೇಲ್ ಪಾರ್ಕಿನಲ್ಲಿ ಎರಡು ಗಂಟೆ ಉಚಿತವಾಗಿತ್ತು. ಬೀವಿಸ್ ಎಂಬವರು 56 ನಿಮಿಷ ಹೆಚ್ಚು ನಿಂತರು. ಪಾರ್ಕಿಂಗ್‌ಐ ಕಂಪನಿ 85 ಪೌಂಡ್ ಕೇಳಿತು. ಅವರು ಸುಪ್ರೀಂ ಕೋರ್ಟಿನ ತನಕ ಹೋದರು, 2015ರ ನವೆಂಬರ್‌ನಲ್ಲಿ ಸೋತರು. ಆದರೆ ಅಲ್ಲಿ ಬೋರ್ಡುಗಳು ದೊಡ್ಡದಾಗಿ, ಓದಲು ಆಗುವಂತೆ ಇದ್ದವು ಎನ್ನುವುದು ಆ ತೀರ್ಪಿನಲ್ಲಿ ಮುಖ್ಯವಾಗಿತ್ತು. ಅಂದರೆ ಮೊತ್ತದ ಬಗ್ಗೆ ಜಗಳ ಆಡಿ ಫಲವಿಲ್ಲ. ಬೋರ್ಡು ಕಾಣುತ್ತಿತ್ತಾ, ನೀವು ನಿಜವಾಗಿ ಷರತ್ತು ಮುರಿದಿರಾ, ಕಂಪನಿ ತಾನು ಪಾಲಿಸಬೇಕಾದ್ದನ್ನು ಪಾಲಿಸಿತಾ ಅಂತ ಕೇಳಿ. ಪ್ರಶ್ನಿಸುವುದಿದ್ದರೆ ಈ ಮೂರರ ಮೇಲೆ ಪ್ರಶ್ನಿಸಿ.

ಹಾಗಾಗಿ ಕ್ಯಾಲೆಂಡರ್ ತೆಗೆದುಕೊಳ್ಳಿ. ಕಾರಿನ ಗಾಜಿಗೆ ನೋಟೀಸ್ ಅಂಟಿಸದೆ, ಕ್ಯಾಮೆರಾ ನೋಡಿ ಪತ್ರ ಕಳಿಸಿದ್ದರೆ, ಕೀಪರನ್ನು ಹೊಣೆ ಮಾಡಲು ಆ ಪತ್ರ 14 ದಿನದೊಳಗೆ ನಿಮಗೆ ತಲುಪಿರಬೇಕು. ಎಣಿಕೆ ಕಾರು ನಿಂತ ಮರುದಿನದಿಂದ. ಅಂಚೆಗೆ ಹಾಕಿದ ಎರಡನೇ ಕೆಲಸದ ದಿನ ತಲುಪಿತು ಎಂದು ಲೆಕ್ಕ ಹಿಡಿಯುತ್ತಾರೆ. ಗಾಜಿಗೆ ನೋಟೀಸ್ ಅಂಟಿಸಿದ್ದರೆ ಕೀಪರ್‌ಗೆ ಪತ್ರ 29ನೇ ದಿನದಿಂದ 56ನೇ ದಿನದೊಳಗೆ ಬರಬೇಕು. ತಡವಾಗಿದ್ದರೆ ಕೀಪರ್ ಹೊಣೆ ಅಲ್ಲ, ಓಡಿಸಿದವರು ಮಾತ್ರ ಹೊಣೆ. ಆಫೀಸಿನ ಲೀಸ್ ಕಾರು ಅಥವಾ ಬಾಡಿಗೆ ಕಾರಾದರೆ ಪತ್ರ ಮೊದಲು ಆ ಕಂಪನಿಗೆ ಹೋಗುತ್ತದೆ, ಅಲ್ಲಿ ಎಣಿಕೆ ಬೇರೆ.

ನಮ್ಮವರು ತಪ್ಪುವುದು ಇಲ್ಲೇ. ನಾವು ಮರ್ಯಾದೆಗೆ ಕಟ್ಟುಬಿದ್ದು, "ಕ್ಷಮಿಸಿ, ನಾನು ಕಾರು ನಿಲ್ಲಿಸಿ ಮಗಳಿಗೆ ಶೂ ಕೊಳ್ಳಲು ಹೋಗಿದ್ದೆ" ಅಂತ ಇಡೀ ಕಥೆ ಬರೆದುಬಿಡುತ್ತೇವೆ. ಓಡಿಸಿದ್ದು ನೀವೇ ಅಂತ ನೀವೇ ಬರೆದುಕೊಟ್ಟ ಮೇಲೆ ಪತ್ರ ತಡವಾಗಿತ್ತು ಅನ್ನುವ ವಾದ ಹೋಯಿತು. ಖಾಸಗಿ ಕಂಪನಿಗೆ ಓಡಿಸಿದವರ ಹೆಸರು ಹೇಳಲೇಬೇಕು ಎಂಬ ಕಾನೂನಿಲ್ಲ. "ನಾನು ಈ ಕಾರಿನ ಕೀಪರ್, ಈ ಚಾರ್ಜನ್ನು ಒಪ್ಪುವುದಿಲ್ಲ" ಅಂತ ಶುರು ಮಾಡಿದರೆ ಸಾಕು. ಸುಳ್ಳು ಮಾತ್ರ ಹೇಳಬೇಡಿ. ಹೇಳದೆ ಇರುವುದು ಬೇರೆ, ಓಡಿಸದವರ ಹೆಸರು ಕೊಡುವುದು ಬೇರೆ.

ಈಗ ಆ ದಿನ ನಿಜವಾಗಿ ಏನಾಯಿತು ಅಂತ ನೆನಪಿಸಿಕೊಳ್ಳಿ. ನನ್ನ ಮೊದಲ ಪತ್ರದಲ್ಲಿ ನಾನು ಆರೂಕಾಲು ಗಂಟೆ ಸೂಪರ್‌ಮಾರ್ಕೆಟ್ ಪಾರ್ಕಿನಲ್ಲಿದ್ದೆ ಅಂತ ಇತ್ತು. ಬೆಳಿಗ್ಗೆ ಹೋಗಿ ಸಾಮಾನು ತಂದಿದ್ದೆ. ಸಂಜೆ ಸಾರಿಗೆ ಕೊತ್ತಂಬರಿ ಇಲ್ಲ ಅಂತ ಮತ್ತೆ ಹೋಗಿದ್ದೆ. ಕ್ಯಾಮೆರಾ ಬೆಳಗಿನ ಒಳಬರುವಿಕೆಯನ್ನೂ ಸಂಜೆಯ ಹೊರಹೋಗುವಿಕೆಯನ್ನೂ ಮಾತ್ರ ಹಿಡಿದು, ನಡುವಿನ ಎರಡನ್ನು ಬಿಟ್ಟಿತ್ತು. ಇದು ಇಲ್ಲಿ ಆಗಾಗ ಆಗುವ ತಪ್ಪು. ಎರಡು ರಸೀದಿ, ಮಧ್ಯಾಹ್ನ ಬೇರೆ ಊರಿನಲ್ಲಿ ಪೆಟ್ರೋಲ್ ಹಾಕಿಸಿದ ಬ್ಯಾಂಕ್ ಸಾಲು, ಇಷ್ಟನ್ನು ಕಳಿಸಿದೆ. ಮೂರು ವಾರಕ್ಕೆ ರದ್ದು ಮಾಡಿದರು.

ಇಂಥ ಇನ್ನೂ ಕೆಲವು ಗಟ್ಟಿ ಕಾರಣಗಳಿವೆ. ಮೆಷಿನ್‌ನಲ್ಲಿ ಸೊನ್ನೆ ಬದಲು 'ಓ' ಒತ್ತಿದ್ದು, ಒಂದು ಅಕ್ಷರ ತಪ್ಪಿದ್ದು, ಆದರೆ ದುಡ್ಡು ಕಟ್ಟಿದ್ದು. ಮೆಷಿನ್ ಕೆಟ್ಟಿದ್ದು. ಕತ್ತಲಲ್ಲಿ ಬೋರ್ಡಿಗೆ ದೀಪ ಇಲ್ಲದ್ದು. ಕಾರು ಪಾರ್ಕಿನಲ್ಲೇ ಕೆಟ್ಟು ನಿಂತದ್ದು. ಈ ಉದ್ಯಮದ ಎರಡು ಸಂಘಗಳು, ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಮತ್ತು ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ, 2024ರಲ್ಲಿ ಒಂದೇ ನಿಯಮಾವಳಿ ತಂದವು. ಅದರ ಪ್ರಕಾರ ಅವಧಿ ಮುಗಿದ ಮೇಲೆ 10 ನಿಮಿಷ ಬಿಡಬೇಕು. ಎಂಟು ನಿಮಿಷಕ್ಕೆ ಬಿಲ್ ಬಂದಿದ್ದರೆ ಖಂಡಿತ ಪ್ರಶ್ನಿಸಿ.

ಬರೆಯುವ ಮೊದಲು ಅಂಗಡಿಗೆ ಒಮ್ಮೆ ಹೋಗಿ. ಅಲ್ಲಿ ಸಾಮಾನು ಕೊಂಡವರು ನೀವಾದರೆ, ರಸೀದಿ ತೋರಿಸಿ ಮ್ಯಾನೇಜರ್‌ಗೆ ಹೇಳಿ. ಪಾರ್ಕಿಂಗ್ ಕಂಪನಿ ಅವರು ಕರೆಸಿಕೊಂಡದ್ದು, ರದ್ದು ಮಾಡಿಸಲು ಅವರಿಗೆ ಸಾಧ್ಯ. ನಮ್ಮವರು ಸಂಕೋಚಪಟ್ಟು ಈ ಹೆಜ್ಜೆ ಬಿಟ್ಟುಬಿಡುತ್ತಾರೆ. ಇದಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ.

ಆಗಲಿಲ್ಲ ಅಂದರೆ ಕಂಪನಿಗೇ ಅಪೀಲು ಬರೆಯಿರಿ. 28 ದಿನದ ಗಡುವು ಇರುತ್ತದೆ, ಆದರೆ 14 ದಿನದೊಳಗೇ ಬರೆಯಿರಿ. ಆಗ ಅವರು ತಿರಸ್ಕರಿಸಿದರೂ ರಿಯಾಯಿತಿ ದರದಲ್ಲಿ ಕಟ್ಟಲು ಸಾಮಾನ್ಯವಾಗಿ ಮತ್ತೊಮ್ಮೆ ಸಮಯ ಕೊಡುತ್ತಾರೆ. ಸ್ವಲ್ಪವಾದರೂ ಕಾರಣ ಇದ್ದರೆ ಈ ಮೊದಲ ಅಪೀಲು ಬರೆಯಲೇಬೇಕು ಅನ್ನುತ್ತೇನೆ, ಯಾಕೆಂದರೆ ನಿಮಗೆ ಹೋಗುವುದು ಅರ್ಧ ಗಂಟೆ ಮಾತ್ರ.

ನಿಜವಾದ ನಿರ್ಧಾರ ಇರುವುದು ಅದರ ಮುಂದೆ. ಕಂಪನಿ ತಿರಸ್ಕರಿಸಿದರೆ ಹೊರಗಿನ ಅಪೀಲು ಸಂಸ್ಥೆಗೆ ಹೋಗಬಹುದು: ಕಂಪನಿ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಸದಸ್ಯನಾದರೆ ಪೋಪ್ಲಾ, ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿಯ ಸದಸ್ಯನಾದರೆ ಇಂಡಿಪೆಂಡೆಂಟ್ ಅಪೀಲ್ಸ್ ಸರ್ವೀಸ್. ಪೋಪ್ಲಾಗೆ 28 ದಿನ, ಇನ್ನೊಂದಕ್ಕೆ 21 ದಿನ. ಎರಡೂ ಉಚಿತ. ಆದರೆ ಅಲ್ಲಿ ಸೋತರೆ 60ರ ಮಾತಿಲ್ಲ, ಪೂರ್ತಿ 100. ಸಾಕ್ಷಿ ಕೈಯಲ್ಲಿದ್ದರೆ, ಅಥವಾ ಪತ್ರವೇ ತಡವಾಗಿದ್ದರೆ ಮುಂದೆ ಹೋಗಿ. "ಗೊತ್ತಿರಲಿಲ್ಲ, ಬೋರ್ಡು ನೋಡಲಿಲ್ಲ" ಅನ್ನುವುದಷ್ಟೇ ಇದ್ದರೆ 60 ಕಟ್ಟಿ ಮುಗಿಸಿ.

ಏನೂ ಮಾಡದೆ ಬಿಟ್ಟರೆ ಹೀಗಾಗುತ್ತದೆ. ಸಾಲ ವಸೂಲಿ ಕಂಪನಿಯ ಹೆಸರಲ್ಲಿ ಪತ್ರ ಬರುತ್ತವೆ, 70 ಪೌಂಡ್ ಸೇರಿಸಿರುತ್ತಾರೆ. ಇವರು ಕೋರ್ಟಿನವರಲ್ಲ, ಮನೆಯೊಳಗೆ ಬಂದು ಏನನ್ನೂ ಮುಟ್ಟುವ ಅಧಿಕಾರ ಇವರಿಗಿಲ್ಲ. ಆಮೇಲೆ ಕೇಸ್ ಹಾಕುವ ಮುನ್ನ ಒಂದು ಎಚ್ಚರಿಕೆ ಪತ್ರ. ಅದಕ್ಕೆ ಉತ್ತರ ಕೊಡಿ. ನಂತರ ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್. 100, 70, ಕೋರ್ಟ್ ಫೀ 35, ವಕೀಲರ 50, ಒಟ್ಟು 255 ಪೌಂಡ್. 14 ದಿನದೊಳಗೆ ಫಾರ್ಮ್ ಸಿಕ್ಕಿದೆ ಎಂದು ತಿಳಿಸಿದರೆ ಉತ್ತರಕ್ಕೆ ಒಟ್ಟು 28 ದಿನ ಸಿಗುತ್ತದೆ. ಸ್ಮಾಲ್ ಕ್ಲೇಮ್ಸ್, ಅಂದರೆ ಸಣ್ಣ ಮೊತ್ತದ ಕೇಸ್, ಆದ್ದರಿಂದ ವಾದಿಸಿ ಸೋತರೂ ಸಾಮಾನ್ಯವಾಗಿ ಸಾವಿರಗಟ್ಟಲೆ ಖರ್ಚು ತಲೆಗೆ ಬರುವುದಿಲ್ಲ. ಫಾರ್ಮಿಗೆ ಉತ್ತರವನ್ನೇ ಕೊಡದಿದ್ದರೆ ನಿಮ್ಮ ವಿರುದ್ಧ ವಿಚಾರಣೆಯಿಲ್ಲದೆಯೇ ತೀರ್ಪು ಬರುತ್ತದೆ. ಅದೇ ಸಿಸಿಜೆ, ಅಂದರೆ ಕೌಂಟಿ ಕೋರ್ಟ್ ಜಡ್ಜ್‌ಮೆಂಟ್. ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಆರು ವರ್ಷ ದಾಖಲೆಯಲ್ಲಿ ಉಳಿಯುತ್ತದೆ, ಮನೆ ಸಾಲಕ್ಕೆ ಹೋದಾಗ ಅಡ್ಡ ಬರುತ್ತದೆ.

ನನ್ನ ಕಳವಳ ಹೊಸದಾಗಿ ಬಂದವರ ಬಗ್ಗೆ. ಎರಡು ವರ್ಷದಲ್ಲಿ ಮೂರು ಬಾಡಿಗೆ ಮನೆ ಬದಲಿಸುತ್ತೇವೆ. ಬ್ಯಾಂಕಿಗೆ ಹೊಸ ವಿಳಾಸ ಕೊಡುತ್ತೇವೆ, ಕಾರಿನ ಲಾಗ್‌ಬುಕ್ಕಿನಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಹಳೆಯದೇ ಇರುತ್ತದೆ. ಪತ್ರಗಳೆಲ್ಲ ಹಳೇ ಮನೆಗೆ ಹೋಗಿ, ಸಿಸಿಜೆ ಆಗಿರುವುದು ಒಂದು ವರ್ಷದ ಮೇಲೆ ತಿಳಿಯುತ್ತದೆ. ಆಗ ಅದನ್ನು ರದ್ದು ಮಾಡಿಸುವ ಅರ್ಜಿಗೇ 300 ಪೌಂಡಿನ ಹತ್ತಿರ ಬೇಕು. ಡಿವಿಎಲ್ಎಯಲ್ಲಿ ವಿಳಾಸ ಬದಲಿಸುವುದು ಆನ್‌ಲೈನ್‌ನಲ್ಲಿ ಉಚಿತ. ಮನೆ ಬದಲಿಸಿದ ವಾರವೇ ಮಾಡಿ, ಲೈಸೆನ್ಸ್ ಬೇರೆ, ಲಾಗ್‌ಬುಕ್ ಬೇರೆ, ಎರಡನ್ನೂ ಮಾಡಿ.

ವೀಸಾ ವಿಷಯ. ಖಾಸಗಿ ಪಾರ್ಕಿಂಗ್ ಚಾರ್ಜ್ ಅಪರಾಧ ಅಲ್ಲ, ಕ್ರಿಮಿನಲ್ ದಾಖಲೆ ಆಗುವುದಿಲ್ಲ. ಅಪೀಲು ಮಾಡಿದರೆ ವೀಸಾಗೆ ಏನೂ ಆಗದು. ಆದರೆ ಸಿಸಿಜೆ ಆಗಿದ್ದರೆ, ಪೌರತ್ವದ ಅರ್ಜಿಯಲ್ಲಿ ಸಿವಿಲ್ ತೀರ್ಪುಗಳ ಬಗ್ಗೆ ಕೇಳುತ್ತಾರೆ. ಅಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಲೇಬೇಕು.

ಇನ್ನೊಂದು ಮಾತು. ಅಪ್ಪ-ಅಮ್ಮನನ್ನು ಹೀಥ್ರೋಗೆ ಬಿಡಲು ಹೋದಾಗ ಟರ್ಮಿನಲ್ ಮುಂದೆ ನಿಲ್ಲಿಸಿದರೆ ಫೀ ಇದೆ. ಅಲ್ಲಿ ದುಡ್ಡು ಕಟ್ಟುವ ಬೂತ್ ಇಲ್ಲ, ಮರುದಿನ ಮಧ್ಯರಾತ್ರಿಯೊಳಗೆ ಆನ್‌ಲೈನ್‌ನಲ್ಲಿ ಕಟ್ಟಬೇಕು. ಅಳು ತಡೆದುಕೊಂಡು ಮನೆಗೆ ಬರುವ ಹೊತ್ತಿನಲ್ಲಿ ಯಾರಿಗೂ ಅದು ನೆನಪಿರುವುದಿಲ್ಲ. ಹೊರಡುವ ಮುಂಚೆಯೇ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ನನಗೆ ಎರಡನೇ ಪತ್ರ ಬಂದದ್ದು ರಾಜ್ಯೋತ್ಸವದ ಕಾರ್ಯಕ್ರಮದ ನಂತರ. ಹಾಲ್ ಪಕ್ಕದ ಪಾರ್ಕಿನಲ್ಲಿ ಮೂರು ಗಂಟೆ ಮಿತಿ ಇತ್ತು, ನಾವು ಐದು ಗಂಟೆ ಇದ್ದೆವು. ಮತ್ತೆ ಹೋಗಿ ನೋಡಿದೆ. ಬೋರ್ಡು ಗೇಟಿನಲ್ಲೇ ಇತ್ತು, ದೀಪವೂ ಇತ್ತು. ಪತ್ರ ಒಂಬತ್ತನೇ ದಿನ ತಲುಪಿತ್ತು. 60 ಪೌಂಡ್ ಕಟ್ಟಿದೆ.